ಜೆಡ್/ವಿಎಂ ಗೆಸ್ಟ್ ಕನ್ಸೋಲ್‌ನಲ್ಲಿ ರೂಟ್ ಆಟೋ ಲಾಗಿನ್ ಹಾಕಬಹುದಾ? ಡ್ರಿಲ್‌ನಲ್ಲಿ ಪೆಟ್ಟು ತಿಂದ ಮೇಲೆ ಕೇಳ್ತಿದ್ದೀನಿ

ರಾತ್ರಿಪಾಳಿ · ಭಾನುವಾರ, ಬೆಳಗ್ಗೆ 11:20

ಎಲ್ರಿಗೂ ನಮಸ್ಕಾರ. ಬೆಂಗಳೂರಿಂದ ಹೊರದೇಶದ ಗ್ರಾಹಕರೊಬ್ಬರ ಮೇನ್‌ಫ್ರೇಮ್ ನೋಡ್ಕೊಳ್ಳೋ ತಂಡದಲ್ಲಿದ್ದೀನಿ. ಒಂದು ಜೆಡ್/ವಿಎಂ (ಒಂದೇ ಮೇನ್‌ಫ್ರೇಮನ್ನ ಹಲವು ಕಾಲ್ಪನಿಕ ಯಂತ್ರಗಳಾಗಿ ಹಂಚೋ ಐಬಿಎಂ ಸಾಫ್ಟ್‌ವೇರ್), ಅದರ ಮೇಲೆ 40 ಲಿನಕ್ಸ್ ಗೆಸ್ಟ್‌ಗಳು, ಅಂದ್ರೆ ಅಂಥ ಯಂತ್ರಗಳಲ್ಲಿ ಓಡೋ ಸರ್ವರ್‌ಗಳು. ಹೆಚ್ಚಿನವು ರೆಡ್ ಹ್ಯಾಟ್, ಆರೇಳು ಸೂಸೆ.

ನಿನ್ನೆ ರಾತ್ರಿ ಡಿಆರ್ ಡ್ರಿಲ್ ಇತ್ತು, ಅಂದ್ರೆ ಅವಘಡ ಆದ್ರೆ ಇನ್ನೊಂದು ಸೈಟಿನಿಂದ ಎಲ್ಲ ಎಬ್ಬಿಸೋ ತಾಲೀಮು. ಡಿಸ್ಕ್‌ಗಳು ಆ ಕಡೆ ಸೈಟಿಗೆ ಹೋದವು, ಜೆಡ್/ವಿಎಂ ಎದ್ದಿತು, ಆಟೋಲಾಗ್1 (ಗೆಸ್ಟ್‌ಗಳನ್ನ ತಾನಾಗೇ ಶುರು ಮಾಡೋ ಐಡಿ) ಒಂದೊಂದೇ ಗೆಸ್ಟ್ ಎಬ್ಬಿಸಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ಆ ಸೈಟಿನ ಸಬ್‌ನೆಟ್ ಬೇರೆ. ಗೆಸ್ಟ್ ಎದ್ದ ಕೂಡಲೇ ಐಪಿ ಬದಲಿಸಬೇಕಿದ್ದ ಸ್ಕ್ರಿಪ್ಟ್ ಆರು ಗೆಸ್ಟ್‌ಗಳಲ್ಲಿ ಓಡಲೇ ಇಲ್ಲ. ನೆಟ್‌ವರ್ಕ್ ಇಲ್ಲ ಅಂದಮೇಲೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ದಾರಿ) ಇಲ್ಲ. ನಮ್ಮ ಸ್ವಂತ ಐಡಿಗಳೆಲ್ಲ ಎಲ್‌ಡ್ಯಾಪ್‌ನಲ್ಲಿರೋದು (ನೆಟ್‌ವರ್ಕ್ ಮೇಲಿರೋ ಬಳಕೆದಾರರ ಪಟ್ಟಿ), ಅದೂ ಸಿಗಲ್ಲ. ಉಳಿದಿದ್ದು 3270 ಕನ್ಸೋಲ್ (ಮೇನ್‌ಫ್ರೇಮ್ ಟರ್ಮಿನಲ್ ಪರದೆ) ಮತ್ತು ರೂಟ್ (ಲಿನಕ್ಸ್‌ನ ಸರ್ವಾಧಿಕಾರದ ಖಾತೆ) ಪಾಸ್‌ವರ್ಡ್.

ವಾಲ್ಟ್‌ನಿಂದ ಪಾಸ್‌ವರ್ಡ್ ತೆಗೆದೆ. 20 ಅಕ್ಷರ, ನಡುನಡುವೆ @, #, ಡಬಲ್ ಕೋಟ್. ಒಂದೊಂದೇ ಅಕ್ಷರ ನೋಡಿಕೊಂಡು ಹೊಡೆದೆ. ತಪ್ಪು ಅಂತು. ಮತ್ತೆ ಹೊಡೆದೆ, ತಪ್ಪು. ಮೂರನೇ ಸಲಕ್ಕೆ ರೂಟೇ ಲಾಕ್ ಆಯ್ತು, ಯಾಕಂದ್ರೆ ಹಾರ್ಡನಿಂಗ್ ಮಾಡುವಾಗ ಫೇಲ್‌ಲಾಕ್‌ನಲ್ಲಿ (ಪಾಸ್‌ವರ್ಡ್ ಪದೇ ಪದೇ ತಪ್ಪಾದ್ರೆ ಖಾತೆ ಲಾಕ್ ಮಾಡೋದು) ರೂಟ್‌ಗೂ ವಿನಾಯಿತಿ ಬೇಡ ಅಂತ ಬರೆದಿದ್ದು ನಾವೇ. ಕೊನೆಗೆ ಇನ್ನೊಂದು ಗೆಸ್ಟ್‌ಗೆ ಆ ಡಿಸ್ಕ್ ಲಿಂಕ್ ಮಾಡಿ, ಮೌಂಟ್ ಮಾಡಿ, ಫೈಲ್ ತಿದ್ದಿ ಮತ್ತೆ ಐಪಿಎಲ್ (ಬೂಟ್) ಮಾಡಿದ್ವಿ. ಆರು ಗೆಸ್ಟ್‌ಗೆ ಮೂರು ಗಂಟೆ ಹಿಡೀತು. ಡ್ರಿಲ್ ಆಗಿದ್ದಕ್ಕೆ ಬಚಾವ್, ನಿಜವಾದ ಅವಘಡ ಆಗಿದ್ದಿದ್ರೆ ಮೂರು ಗಂಟೆ ಯಾರೂ ಕೊಡ್ತಿರಲಿಲ್ಲ.

ತಂಡದ ಹಿರಿಯರೊಬ್ಬರು, ಜೆಡ್/ವಿಎಂ ಒಳಗೆ ಬರೋಕೇ ಒಂದು ಪಾಸ್‌ವರ್ಡ್ ಇದೆಯಲ್ಲ, ಕನ್ಸೋಲ್‌ನಲ್ಲಿ ರೂಟ್‌ಗೆ ಆಟೋ ಲಾಗಿನ್ ಹಾಕಿಬಿಡಿ ಅಂತಾರೆ. ಸೆಕ್ಯುರಿಟಿಯವರಿಗೆ ಹೇಳಿದ್ರೆ, ಪಾಸ್‌ವರ್ಡ್ ಇಲ್ಲದ ರೂಟಾ ಅಂತ ಹೌಹಾರಿದ್ರು. ಇಲ್ಲಿ ಯಾರಾದ್ರೂ ಪ್ರೊಡಕ್ಷನ್‌ನಲ್ಲಿ ಹಾಕಿದ್ದೀರಾ? ಹಾಕೋದು ಹೇಗೆ, ಹಾಕಿದ್ರೆ ಏನು ಅಪಾಯ?

ಹಳೇಬೇರು · ಭಾನುವಾರ, ಮಧ್ಯಾಹ್ನ 12:05

ಮೊದಲು ನಿಮ್ಮ ಪಾಸ್‌ವರ್ಡ್ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಅದು ತಪ್ಪಾಗಿರಲಿಲ್ಲ. ನೀವು ಹೊಡೆದಿದ್ದು ಲಿನಕ್ಸ್‌ವರೆಗೆ ತಲುಪಲೇ ಇಲ್ಲ.

3270 ಪರದೆಯಲ್ಲಿ ನೀವು ಹೊಡೆಯೋ ಸಾಲು ಮೊದಲು ಸಿಪಿ (ಜೆಡ್/ವಿಎಂನ ಮೂಲ ನಿಯಂತ್ರಕ) ಕೈಗೆ ಹೋಗುತ್ತೆ. ಸಿಪಿಗೆ ನಾಲ್ಕು ಚಿಹ್ನೆಗಳಿಗೆ ವಿಶೇಷ ಅರ್ಥ ಇದೆ. @ ಅಂದ್ರೆ ಹಿಂದಿನ ಅಕ್ಷರ ಅಳಿಸು. # ಅಂದ್ರೆ ಇಲ್ಲಿಗೆ ಸಾಲು ಮುಗೀತು, ಮುಂದಿನದು ಬೇರೆ ಸಾಲು. ¢ ಅಂದ್ರೆ ಇಡೀ ಸಾಲು ಅಳಿಸು. ಡಬಲ್ ಕೋಟ್ ಅಂದ್ರೆ ಮುಂದೆ ಬರೋ ಚಿಹ್ನೆಯ ವಿಶೇಷ ಅರ್ಥ ಬಿಟ್ಟು ಹಾಗೇ ಕಳಿಸು. ಕಾಗದದ ಮೇಲೆ ಅಚ್ಚಾಗೋ ಟೈಪ್‌ರೈಟರ್ ಟರ್ಮಿನಲ್ ಕಾಲದ ಏರ್ಪಾಡು ಇದು. ಅಲ್ಲಿ ಹೊಡೆದ ಅಕ್ಷರ ಅಳಿಸೋಕೆ ಬೇರೆ ದಾರಿ ಇರಲಿಲ್ಲ. ವಿಎಂ/370 ಘೋಷಣೆ ಆಗಿದ್ದು 1972ರಲ್ಲಿ, ಆ ಅಭ್ಯಾಸ ಇವತ್ತಿಗೂ ಬಂದಿದೆ.

ಹಾಗಾಗಿ ನಿಮ್ಮ 20 ಅಕ್ಷರದ ಪಾಸ್‌ವರ್ಡ್‌ನಲ್ಲಿ @ ತನ್ನ ಜೊತೆಗೆ ಹಿಂದಿನ ಅಕ್ಷರವನ್ನೂ ತಿಂದುಹಾಕಿತು. # ಬಂದ ಕಡೆ ಪಾಸ್‌ವರ್ಡ್ ತುಂಡಾಗಿ ಉಳಿದರ್ಧ ಮುಂದಿನ ಪ್ರಾಂಪ್ಟಿಗೆ ಬಳಕೆದಾರನ ಹೆಸರಾಗಿ ಹೋಯ್ತು. ಒಂದು ಪ್ರಯತ್ನ ಎರಡಾಗಿ ಎಣಿಸಿರಲೂಬಹುದು. ನೀವು ಮೂರು ಸಲ ಅಂದುಕೊಂಡಿದ್ದಕ್ಕಿಂತ ಮುಂಚೆಯೇ ಲಾಕ್ ಆಗಿದ್ರೆ ಆಶ್ಚರ್ಯ ಇಲ್ಲ.

ತುರ್ತಿಗೆ ದಾರಿ: ಆ ಚಿಹ್ನೆಗಳ ಮುಂಚೆ ಒಂದೊಂದು ಡಬಲ್ ಕೋಟ್ ಹಾಕಿ ಹೊಡೆಯೋದು. ಶಾಶ್ವತ ದಾರಿ: ಗೆಸ್ಟ್‌ನ ಪ್ರೊಫೈಲ್ ಎಕ್ಸೆಕ್‌ನಲ್ಲಿ (ಗೆಸ್ಟ್ ಎದ್ದಾಗ ಮೊದಲು ಓಡೋ ಸ್ಕ್ರಿಪ್ಟ್), ಲಿನಕ್ಸ್ ಐಪಿಎಲ್ ಮಾಡೋ ಸಾಲಿನ ಮುಂಚೆ, ಟರ್ಮ್ ಚಾರ್‌ಡೆಲ್ ಆಫ್, ಲೈನ್‌ಡೆಲ್ ಆಫ್, ಎಸ್ಕೇಪ್ ಆಫ್ ಅಂತ ಬರೆದ್ರೆ @, ¢, ಡಬಲ್ ಕೋಟ್ ಮೂರರ ವಿಶೇಷ ಅರ್ಥವೂ ಹೋಗುತ್ತೆ. ಲೈನೆಂಡ್ ಚಿಹ್ನೆಯನ್ನ (#) ಪೂರ್ತಿ ತೆಗೀಬೇಡಿ, ಕನ್ಸೋಲ್‌ನಿಂದ #ಸಿಪಿ ಅಂತ ಕಮಾಂಡ್ ಕೊಡೋಕೆ ಅದು ಬೇಕು. ಬೇಕಿದ್ರೆ ಅಪರೂಪದ ಬೇರೆ ಚಿಹ್ನೆಗೆ ಬದಲಿಸಿ. ಎಲ್ಲಕ್ಕಿಂತ ಸುಲಭ, ಕನ್ಸೋಲ್‌ಗೆ ಬೇಕಾಗೋ ಪಾಸ್‌ವರ್ಡ್‌ಗಳಲ್ಲಿ ಈ ನಾಲ್ಕು ಚಿಹ್ನೆ ಬರದ ಹಾಗೆ ವಾಲ್ಟ್‌ನಲ್ಲಿ ನಿಯಮ ಹಾಕಿ, ಉದ್ದ ಬೇಕಾದ್ರೆ ಹೆಚ್ಚಿಸಿ.

ಇನ್ನು ಆಟೋ ಲಾಗಿನ್. ನಾನು ಹಾಕಿದ್ದೀನಿ, ಬಹಳ ವರ್ಷದಿಂದ. ಊಟ ಮುಗಿಸಿ ಬಂದು ಬರೀತೀನಿ.

ಹೊಸಚಿಗುರು · ಭಾನುವಾರ, ಮಧ್ಯಾಹ್ನ 12:40

ಸರ್, ನಾನು ಎಕ್ಸ್86 (ಮಾಮೂಲಿ ಪಿಸಿ ಸರ್ವರ್) ಕಡೆಯಿಂದ ಈ ಕಡೆ ಬಂದು ನಾಲ್ಕು ತಿಂಗಳಾಯ್ತು. ಒಂದು ಅರ್ಥ ಆಗ್ತಿಲ್ಲ. ಕನ್ಸೋಲ್‌ಗೆ ಹೋಗಬೇಕಾದ್ರೆ ಗೆಸ್ಟ್‌ನ ಹೆಸರಲ್ಲೇ ಲಾಗಾನ್ ಆಗಬೇಕು ಅಂತಾರೆ. ಸರ್ವರ್‌ಗೇ ಒಂದು ಯೂಸರ್ ಐಡಿ ಅಂದ್ರೆ ಹೇಗೆ?

ನೆಕ್ಕರ್‌ತೀರ · ಭಾನುವಾರ, ಮಧ್ಯಾಹ್ನ 1:10

ಚಿಗುರು, ಇದೊಂದು ತಲೆಗೆ ಹತ್ತಿದ್ರೆ ಉಳಿದಿದ್ದೆಲ್ಲ ಸಲೀಸು. ವಿಎಂ ಹುಟ್ಟಿದ್ದು ಒಂದೇ ಯಂತ್ರವನ್ನ ಹಲವರು ಹಂಚಿಕೊಳ್ಳಲಿ ಅಂತ. ಒಬ್ಬ ಮನುಷ್ಯನಿಗೆ ಒಂದು ಕಾಲ್ಪನಿಕ ಯಂತ್ರ, ಅವನು ಲಾಗಾನ್ ಆದ್ರೆ ಅವನ ಯಂತ್ರ ಹುಟ್ಟುತ್ತೆ, ಲಾಗಾಫ್ ಆದ್ರೆ ಅಳಿಯುತ್ತೆ. ಯೂಸರ್ ಐಡಿ, ಪಾಸ್‌ವರ್ಡ್, ಎಷ್ಟು ಮೆಮೊರಿ, ಯಾವ ಡಿಸ್ಕ್, ಎಲ್ಲಾ ಯೂಸರ್ ಡೈರೆಕ್ಟರಿಯ ಒಂದೇ ನಮೂದಿನಲ್ಲಿ. 1999ರ ಡಿಸೆಂಬರ್‌ನಲ್ಲಿ ಐಬಿಎಂ ಎಸ್/390ಗೆ ಲಿನಕ್ಸ್ ಪ್ಯಾಚ್‌ಗಳನ್ನ ಹೊರಬಿಟ್ಟಾಗ, ಲಿನಕ್ಸ್ ಬಂದು ಆ ಮನುಷ್ಯ ಕೂರೋ ಜಾಗದಲ್ಲಿ ಕೂತಿತು. ಆ ಕೆಲಸ ನಡೆದಿದ್ದು ನಾನಿರೋ ಊರಿಗೆ ಹತ್ತಿರದ ಬೋಬ್ಲಿಂಗೆನ್ ಲ್ಯಾಬ್‌ನಲ್ಲಿ.

ಅದಕ್ಕೇ ಕನ್ಸೋಲ್‌ನಲ್ಲಿ #ಸಿಪಿ ಲಾಗಾಫ್ ಅಂತ ಹೊಡೆದ್ರೆ ಸರ್ವರ್ ಕರೆಂಟ್ ಕಿತ್ತ ಹಾಗೆ ಹೋಗುತ್ತೆ. ಹೊರಗೆ ಬರೋಕೆ #ಸಿಪಿ ಡಿಸ್ಕ್, ಅಂದ್ರೆ ಡಿಸ್ಕನೆಕ್ಟ್, ಆಗ ಸರ್ವರ್ ಓಡ್ತಾನೇ ಇರುತ್ತೆ. ಇದನ್ನ ಕಾಗದದಲ್ಲಿ ಬರೆದು ಮಾನಿಟರ್‌ಗೆ ಅಂಟಿಸ್ಕೋ ತಮ್ಮಾ.

ರಾತ್ರಿಪಾಳಿಯವರೇ, ಹಾಕೋ ವಿಧಾನ ಹೇಳ್ತೀನಿ. ಜೆಡ್/ವಿಎಂನಲ್ಲಿ ಸಾಮಾನ್ಯವಾಗಿ ಕನ್ಸೋಲ್ 3215 ಚಾಲಕದ್ದು, ಲಿನಕ್ಸ್ ಒಳಗೆ ಟಿಟಿವೈಎಸ್0 ಅಂತ ಕಾಣುತ್ತೆ. ಅದರ ಮೇಲೆ ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನ ನಡೆಸೋದು) ಸೀರಿಯಲ್-ಗೆಟ್ಟಿ ಸರ್ವೀಸ್ ಕೂತಿರುತ್ತೆ, ಲಾಗಿನ್ ಪ್ರಾಂಪ್ಟ್ ತೋರಿಸೋದು ಅದೇ. ಮೂಲ ಯೂನಿಟ್ ಫೈಲ್ ಮುಟ್ಟಬೇಡಿ, ಪ್ಯಾಚ್ ಬಂದಾಗ ಅಳಿಸಿ ಹೋಗುತ್ತೆ. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟು, ಟಿಟಿವೈಎಸ್0ಗೆ ಮಾತ್ರ ಅನ್ವಯಿಸೋ ಡ್ರಾಪ್-ಇನ್ (ಮೂಲ ಫೈಲ್ ಮೇಲೆ ಕೂರೋ ಪುಟ್ಟ ತಿದ್ದುಪಡಿ ಫೈಲ್) ಮಾಡಿ. ಅದರ ಸರ್ವೀಸ್ ವಿಭಾಗದಲ್ಲಿ ಎಕ್ಸೆಕ್‌ಸ್ಟಾರ್ಟ್ ಸಾಲು ಎರಡು ಸಲ ಬರಬೇಕು. ಮೊದಲನೆಯದು ಖಾಲಿ, ಹಳೆಯ ಬೆಲೆ ಅಳಿಸೋಕೆ. ಎರಡನೆಯದರಲ್ಲಿ ಎಗೆಟ್ಟಿ, ಅದಕ್ಕೆ ಆಟೋಲಾಗಿನ್ ರೂಟ್ ಅನ್ನೋ ಆಯ್ಕೆ, ಕೊನೆಗೆ ಟರ್ಮಿನಲ್ ವಿಧ ಡಂಬ್. ಖಾಲಿ ಸಾಲು ಮರೆತರೆ, ಎರಡು ಎಕ್ಸೆಕ್‌ಸ್ಟಾರ್ಟ್ ಇದೆ ಅಂತ ಸಿಸ್ಟಮ್‌ಡಿ ಯೂನಿಟ್ಟನ್ನೇ ತಿರಸ್ಕರಿಸುತ್ತೆ, ಕನ್ಸೋಲ್‌ನಲ್ಲಿ ಪ್ರಾಂಪ್ಟೇ ಬರಲ್ಲ. ಡಂಬ್ ಮರೆತರೆ ಬಣ್ಣದ ಕೋಡ್‌ಗಳೆಲ್ಲ ಕಸದ ಥರ ಪರದೆ ತುಂಬುತ್ತೆ.

ಆಮೇಲೆ ಡೀಮನ್-ರೀಲೋಡ್, ಆ ಗೆಟ್ಟಿಗೆ ರೀಸ್ಟಾರ್ಟ್. ಇದನ್ನ ಎಸ್‌ಎಸ್‌ಎಚ್‌ನಿಂದ ಮಾಡಿ, ಕನ್ಸೋಲ್‌ನಲ್ಲೇ ಕೂತು ಮಾಡಿದ್ರೆ ನಿಮ್ಮ ಸೆಷನ್ನೇ ಸಾಯುತ್ತೆ. ಸಿಸ್ಟಮ್‌ಡಿಗೂ ಮುಂಚಿನ ಇನಿಟ್‌ಟ್ಯಾಬ್ ಕಾಲದ ಹಳೇ ಸೂಸೆ ಇನ್ನೂ ಇಟ್ಟುಕೊಂಡಿರೋರು ಮಿಂಗೆಟ್ಟಿಯ ಆಟೋಲಾಗಿನ್ ಆಯ್ಕೆಯಿಂದ ಇದೇ ಕೆಲಸ ಮಾಡಬಹುದು.

ಒಂದು ಮಾತು. ಒಳಗೆ ಹೋದ ಮೇಲೂ ಅದು ಸಾಲು-ಸಾಲಾಗಿ ನಡೆಯೋ ಟರ್ಮಿನಲ್. ವಿಐ (ಪರದೆ ತುಂಬಾ ತೆರೆಯೋ ಫೈಲ್ ಎಡಿಟರ್) ಓಡಲ್ಲ. ಕಂಟ್ರೋಲ್-ಸಿ ಕೀಲಿ ಇಲ್ಲ, ಕ್ಯಾರಟ್ ಚಿಹ್ನೆ ಮತ್ತು ಸಿ ಅಕ್ಷರ ಎರಡನ್ನೂ ಹೊಡೆದು ಎಂಟರ್ ಕೊಡಬೇಕು. ಐಪಿ ಬದಲಿಸೋಕೆ ಮೊದಲೇ ಒಂದು ಚಿಕ್ಕ ಸ್ಕ್ರಿಪ್ಟ್ ಮಾಡಿಡಿ, ಹೆಸರು ಚಿಕ್ಕದಿರಲಿ.

ಲೆಕ್ಕದಕ್ಕ · ಭಾನುವಾರ, ಮಧ್ಯಾಹ್ನ 2:30

ನಾನು ಆಡಿಟ್ ಕಡೆಯವಳು. ಮೇನ್‌ಫ್ರೇಮ್ ನಡೆಸೋರಲ್ಲಿ ನನ್ನ ಮೇಲೆ ಕೋಪ ಇರೋದು ಗೊತ್ತು, ಆದ್ರೂ ಹೇಳಲೇಬೇಕು.

ನನಗೆ ಪಾಸ್‌ವರ್ಡ್ ಒಂದಾ ಎರಡಾ ಅನ್ನೋದು ಮುಖ್ಯ ಅಲ್ಲ. ರಾತ್ರಿ 2ಕ್ಕೆ ರೂಟ್ ಆಗಿ ಆ ಫೈಲ್ ಅಳಿಸಿದ್ದು ಯಾರು ಅನ್ನೋ ಪ್ರಶ್ನೆಗೆ ಒಬ್ಬ ಮನುಷ್ಯನ ಹೆಸರು ಸಿಗಬೇಕು. ಆಟೋ ಲಾಗಿನ್ ಹಾಕಿದ್ರೆ ಲಿನಕ್ಸ್‌ನ ಆಡಿಟ್ ಲಾಗ್‌ನಲ್ಲಿ ಲಾಗಿನ್ ಐಡಿ ಸೊನ್ನೆ ಅಂತ ಬರುತ್ತೆ, ಅಂದ್ರೆ ರೂಟೇ ರೂಟ್ ಆಗಿ ಬಂದ ಅಂತ. ಅದರಿಂದ ನನಗೇನೂ ಗೊತ್ತಾಗಲ್ಲ. ಕಾರ್ಡ್ ವಹಿವಾಟಿನ ಸರ್ವರ್ ಆದ್ರೆ ಪಿಸಿಐ ಡಿಎಸ್‌ಎಸ್ (ಕಾರ್ಡ್ ಉದ್ಯಮದ ಭದ್ರತಾ ನಿಯಮಾವಳಿ) ಹಂಚಿಕೊಂಡ ಐಡಿಯನ್ನ ಅಪವಾದವಾಗಿ ಮಾತ್ರ ಒಪ್ಪುತ್ತೆ, ಅದೂ ಬಳಸಿದ್ದು ಯಾರು ಅಂತ ತೋರಿಸಲು ಆಗಬೇಕು. ಭಾರತದಲ್ಲಿರೋ ಯಂತ್ರವಾದ್ರೆ 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ ಇದೆ. ಲಾಗ್‌ಗಳು 180 ದಿನ ಇರಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು. ಯಾರು ಅಂತಲೇ ಗೊತ್ತಿಲ್ಲದೆ 6 ಗಂಟೆಯಲ್ಲಿ ಏನು ಬರೀತೀರಿ?

ಹಾಗಾಗಿ ನನ್ನ ಪ್ರಶ್ನೆ ಲಿನಕ್ಸ್ ಬಗ್ಗೆ ಅಲ್ಲ. ಜೆಡ್/ವಿಎಂನಲ್ಲಿ ಆ ಗೆಸ್ಟ್‌ನ ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು?

ಹಳೇಬೇರು · ಭಾನುವಾರ, ಸಂಜೆ 4:15

ಅಕ್ಕಾ, ನನಗೆ ಕೋಪ ಇಲ್ಲ. ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದೀರಿ.

ಕನ್ಸೋಲ್‌ನಲ್ಲಿ ರೂಟ್ ಪಾಸ್‌ವರ್ಡ್ ಕೇಳೋದನ್ನ ಜನ ಬೀಗ ಅಂದುಕೊಂಡಿದ್ದಾರೆ. ಗೆಸ್ಟ್‌ನ ಹೆಸರಲ್ಲಿ ಸಿಪಿಗೆ ಲಾಗಾನ್ ಆದವನು ಆ ಪಾಸ್‌ವರ್ಡ್ ಗೊತ್ತಿಲ್ಲದೆಯೂ ರೂಟ್ ಆಗಬಲ್ಲ. ಐಪಿಎಲ್ ಕಮಾಂಡ್‌ನಲ್ಲಿ ಪಾರ್ಮ್ ಅಂತ 64 ಅಕ್ಷರದವರೆಗೆ ಕರ್ನಲ್‌ಗೆ ಮಾತು ಸೇರಿಸಬಹುದು. ಅಲ್ಲಿ ಇನಿಟ್ ಜಾಗದಲ್ಲಿ ಬ್ಯಾಶ್ ಅಂತ ಕೊಟ್ಟರೆ ಲಿನಕ್ಸ್ ನೇರವಾಗಿ ರೂಟ್ ಶೆಲ್‌ಗೆ ಎದ್ದು ಕೂರುತ್ತೆ. ಅದು ಬೇಡ ಅಂದ್ರೆ ರಾತ್ರಿಪಾಳಿಯವರು ಮಾಡಿದ್ದು, ಡಿಸ್ಕ್ ಬೇರೆ ಕಡೆ ಲಿಂಕ್ ಮಾಡೋದು. ಆರು ಗೆಸ್ಟ್‌ಗೆ ರೂಟ್ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಿ ಫೈಲ್ ತಿದ್ದಿದ್ರಲ್ಲ, ನೆನಪಿಸ್ಕೊಳ್ಳಿ. ಆ ಬೀಗ ತಡೆದಿದ್ದು ಕೆಲಸವನ್ನ ಮಾತ್ರ, ಕಳ್ಳನನ್ನ ಅದು ತಡೆಯಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ ಲೆಕ್ಕ ಬೇರೆ, ಅದು ಇದ್ದವರು ನನ್ನ ಈ ವಾದ ಬಿಟ್ಟು ಯೋಚಿಸಿ.

ಇನ್ನೊಂದು, ನಾನು ಕಂಡಷ್ಟು ಕಡೆಗಳಲ್ಲೆಲ್ಲಾ ಕಂಡಿದ್ದು. ಕನ್ಸೋಲ್‌ನಲ್ಲಿ ರೂಟ್ ಆಗಿ ಕೆಲಸ ಮುಗಿಸಿ, ಎಕ್ಸಿಟ್ ಕೊಡದೆ #ಸಿಪಿ ಡಿಸ್ಕ್ ಹೊಡೆದು ಎದ್ದು ಹೋಗ್ತಾರೆ. ಶೆಲ್ ಹಾಗೇ ತೆರೆದಿರುತ್ತೆ. ಮುಂದಿನ ತಿಂಗಳು ಇನ್ನೊಬ್ಬ ಲಾಗಾನ್ ಆದ್ರೆ ಎದುರಿಗೆ ರೂಟ್ ಪ್ರಾಂಪ್ಟ್. ನೀವು ಹಾಕಿದ್ರೂ ಹಾಕದಿದ್ರೂ ಆಟೋ ಲಾಗಿನ್ ಅರ್ಧ ಸರ್ವರ್‌ಗಳಲ್ಲಿ ತಾನಾಗೇ ಹಾಕ್ಕೊಂಡಿರುತ್ತೆ, ಒಮ್ಮೆ ಹೋಗಿ ನೋಡಿ.

ಅಂದಮೇಲೆ ನಿಜವಾದ ಬೀಗ ಇರೋದು ಯೂಸರ್ ಡೈರೆಕ್ಟರಿಯಲ್ಲಿ. ಆಟೋ ಲಾಗಿನ್ ಹಾಕೋದು ಅಂದ್ರೆ ಬೀಗ ತೆಗೆಯೋದಲ್ಲ, ಎಲ್ಲಾ ಭಾರ ಆ ಒಂದು ಬೀಗದ ಮೇಲೆ ಹಾಕೋದು. ಆ ಬೀಗ ಗಟ್ಟಿ ಇದೆಯಾ ಅಂತ ನೋಡದೆ ಹಾಕಿದವರಿಗೆ ಪೆಟ್ಟು ಬೀಳುತ್ತೆ.

ಗಟ್ಟಿ ಮಾಡೋದು ಹೀಗೆ. ಗೆಸ್ಟ್‌ಗೆ ಪಾಸ್‌ವರ್ಡ್ ಅನ್ನೋದೇ ಬೇಡ. ಡೈರೆಕ್ಟರಿಯ ಯೂಸರ್ ಸಾಲಿನಲ್ಲಿ ಪಾಸ್‌ವರ್ಡ್ ಇರೋ ಜಾಗದಲ್ಲಿ ಎಲ್‌ಬಿವೈಓನ್ಲಿ ಅಂತ ಬರೀರಿ. ಆಮೇಲೆ ಲಾಗಾನ್‌ಬೈ ಸಾಲಿನಲ್ಲಿ ಯಾರು ಯಾರು ಬರಬಹುದೋ ಅವರ ಸ್ವಂತ ಜೆಡ್/ವಿಎಂ ಐಡಿಗಳು. ಆಗ ಗೆಸ್ಟ್‌ಗೆ ಹೋಗೋಕೆ ಒಂದೇ ದಾರಿ, ಲಾಗಾನ್ ಗೆಸ್ಟ್ ಹೆಸರು ಬೈ ನನ್ನ ಹೆಸರು, ಪಾಸ್‌ವರ್ಡ್ ನನ್ನದು. ಅಕ್ಕ ಕೇಳಿದ ಮನುಷ್ಯನ ಹೆಸರು ಅಲ್ಲೇ ಸಿಗುತ್ತೆ. ಆಟೋಲಾಗ್1 ಎಬ್ಬಿಸೋದಕ್ಕೆ ಇದರಿಂದ ತೊಂದರೆ ಇಲ್ಲ. ರ‍್ಯಾಕ್‌ಎಫ್ (ಐಬಿಎಂನ ಪ್ರವೇಶ ನಿಯಂತ್ರಣ ಸಾಫ್ಟ್‌ವೇರ್) ಇದ್ದವರು ಸರೊಗಾಟ್ ಕ್ಲಾಸ್‌ನಲ್ಲಿ ಲಾಗಾನ್‌ಬೈ ಪ್ರೊಫೈಲ್ ಮಾಡಿ ಪರ್ಮಿಟ್ ಕೊಡಬೇಕು.

ರೊಟ್ಟಿಬುತ್ತಿ · ಭಾನುವಾರ, ರಾತ್ರಿ 9:50

ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಂವ, ಈಗ ಪುಣೆದಾಗ ಕೆಲಸ. ಹಳೇಬೇರು ಸರ್ ಹೇಳಿದ್ದು ಖರೇ ಐತಿ, ಆದ್ರ ಲಾಗಾನ್ ಆಗದನೂ ಆ ಕನ್ಸೋಲ್‌ಗೆ ಕೈ ಹಾಕೂ ದಾರಿ ಒಂದ್ ಐತ್ರಿ. ಅದ್ರಾಗ ನಾವು ಸಿಕ್ಕೊಂಡ್ವಿ, ಅದಕ್ಕ ಬರಿಯಾಕತ್ತೀನಿ.

ನಿಮ್ಮ ಡೈರೆಕ್ಟರಿದಾಗ ಕನ್ಸೋಲ್ ಅನ್ನೂ ಸಾಲು ನೋಡ್ರಿ. 0009, 3215, ಟಿ ಅಂತಿರ್ತೈತಿ, ಅದರ ಮುಂದ ಒಮ್ಮೊಮ್ಮೆ ಆಪರೇಟರ್ ಅಂತ ಇನ್ನೊಂದು ಹೆಸರು ಇರ್ತೈತಿ. ಅದು ಸೆಕೆಂಡರಿ ಯೂಸರ್. ಗೆಸ್ಟ್ ಡಿಸ್ಕನೆಕ್ಟ್ ಆಗಿದ್ದಾಗ ಅದರ ಕನ್ಸೋಲ್ ಮಾತೆಲ್ಲಾ ಆ ಐಡಿಗೆ ಹೋಗ್ತಾವ. ಬರೇ ಹೋಗೂದಲ್ರಿ, ಅಲ್ಲಿಂದ ಸೆಂಡ್ ಕಮಾಂಡ್ ಕೊಟ್ಟು ಗೆಸ್ಟ್ ಕನ್ಸೋಲ್‌ದಾಗ ಟೈಪ್ ಮಾಡಿದಂಗ ಸಾಲು ಕಳಸ್ಬೋದು. ಕ್ಲಾಸ್ ಸಿ (ಸಿಪಿ ಕೊಡೂ ಅಧಿಕಾರದ ಒಂದು ದರ್ಜೆ) ಇದ್ದವರು ಸೆಕೆಂಡರಿ ಯೂಸರ್ ಅಲ್ಲದಿದ್ರೂ ಕಳಸ್ಬೋದು.

ಮೊದಲ ನಾನಿದ್ದ ಕಂಪನಿಯೊಳಗ 12 ಗೆಸ್ಟ್‌ಗೆ ಆಟೋ ಲಾಗಿನ್ ಹಾಕಿದ್ವಿ. ಒಂದು ರಾತ್ರಿ ಆಪರೇಟರ್ ಒಬ್ಬಾಂವ ಟೆಸ್ಟ್ ಗೆಸ್ಟ್ ಬಂದ್ ಮಾಡಾಕ ಸೆಂಡ್ ಹೊಡೆದ. ಗೆಸ್ಟ್ ನಂಬರ್‌ದಾಗ ಒಂದಂಕಿ ತಪ್ಪಾತು. ಆಟೋ ಲಾಗಿನ್ ಇಲ್ಲದಿದ್ರ ಆ ಸಾಲು ಲಾಗಿನ್ ಪ್ರಾಂಪ್ಟ್‌ಗೆ ಹೋಗಿ ಬಿದ್ದು ಸುಮ್ನಾಗ್ತಿತ್ತು, ಶಟ್‌ಡೌನ್ ಅನ್ನೂ ಹೆಸರಿನ ಮನಷ್ಯಾ ಇಲ್ಲ ಅಂತ ಹೇಳ್ತಿತ್ತು ಅಷ್ಟ. ಇಲ್ಲಿ ರೂಟ್ ಶೆಲ್ ಬಾಯಿ ತೆರೆದು ಕುಂತಿತ್ತಲ್ರಿ. ಪ್ರೊಡಕ್ಷನ್ ಡೇಟಾಬೇಸ್ ಮಲಗಿಬಿಡ್ತು. ಆ ಹುಡುಗ ಅತ್ತದ್ದು ನಾ ಇನ್ನೂ ಮರ್ತಿಲ್ಲ. ತಪ್ಪು ಅವಂದಲ್ಲ, ಅಷ್ಟು ಸಲೀಸ್ ದಾರಿ ಮಾಡಿಟ್ಟಾವ್ರು ನಾವು.

ಆಟೋ ಲಾಗಿನ್ ಹಾಕೂಕಿಂತ ಮೊದಲ ಪ್ರತಿ ಗೆಸ್ಟ್‌ಗೆ ಕ್ವೆರಿ ಸೆಕ್‌ಯೂಸರ್ ಹೊಡೀರಿ. ಡೈರೆಕ್ಟರಿದಾಗ ಇಲ್ಲದಿದ್ರೂ ಸೆಟ್ ಸೆಕ್‌ಯೂಸರ್ ಕೊಟ್ಟು ಯಾರರ ಹಾಕಿರ್ತಾರ. ಕನ್ಸೋಲ್ ಬರೇ ನೋಡೂದು ಬೇಕಾದ್ರ ಅಬ್ಸರ್ವರ್ ಮಾಡ್ರಿ, ಅವ್ರಿಗೆ ಕಾಣಸ್ತೈತಿ ಅಷ್ಟ, ಅವ್ರು ಅಬ್ಸರ್ವರ್ ಅಂತ ಸೆಂಡ್ ಹಕ್ಕು ಸಿಗೂದಿಲ್ಲ. ಗೆಸ್ಟ್ ಬಂದ್ ಮಾಡಾಕ ಸಿಗ್ನಲ್ ಶಟ್‌ಡೌನ್ ಐತಿ, ಅದಕ್ಕ ಶೆಲ್ ಯಾಕ್ ಬೇಕ್ರಿ?

ರಾತ್ರಿಪಾಳಿ · ಭಾನುವಾರ, ರಾತ್ರಿ 10:30

ರೊಟ್ಟಿಬುತ್ತಿ ಅಣ್ಣ, ಇದನ್ನ ಓದಿ ಮೈ ಜುಂ ಅಂತು. ನಮ್ಮಲ್ಲೂ ಕನ್ಸೋಲ್ ಸಾಲಿನ ಕೊನೆಗೆ ಆಪರೇಟರ್ ಇದ್ದೇ ಇದೆ, ಅದನ್ನ ಇವತ್ತಿನವರೆಗೂ ಸುಮ್ನೆ ಟೆಂಪ್ಲೇಟ್‌ನ ಭಾಗ ಅಂದ್ಕೊಂಡಿದ್ದೆ. ನಾಳೆ ಡಿರ್‌ಮೇಂಟ್‌ನಿಂದ (ಯೂಸರ್ ಡೈರೆಕ್ಟರಿ ನಿರ್ವಹಿಸೋ ಉಪಕರಣ) 40 ನಮೂದೂ ತೆಗೆದು ಸಾಲು ಸಾಲು ನೋಡ್ತೀನಿ.

ನೆಕ್ಕರ್‌ತೀರ · ಸೋಮವಾರ, ಬೆಳಗ್ಗೆ 11:45

ರೊಟ್ಟಿಬುತ್ತಿಯವರು ಹೇಳಿದ್ದಕ್ಕಿಂತ ದೊಡ್ಡ ಬಾಗಿಲು ಇನ್ನೊಂದಿದೆ. ಇದನ್ನ ದಪ್ಪಕ್ಷರದಲ್ಲಿ ಬರೀಬೇಕು.

ಟಿಟಿವೈಎಸ್0 ಮೇಲೆ ಒಪ್ಪಿದ ವಾದವನ್ನ ಎಚ್‌ವಿಸಿ0 ಮೇಲೆ ಹೊರಿಸಬೇಡಿ.

ಸಾಲು-ಟರ್ಮಿನಲ್‌ನ ಕಷ್ಟ ತಪ್ಪಿಸೋಕೆ ಹಲವರು ಐಯುಸಿವಿ (ಗೆಸ್ಟ್‌ಗಳು ನೆಟ್‌ವರ್ಕ್ ಇಲ್ಲದೆ ಪರಸ್ಪರ ಮಾತಾಡೋ ಜೆಡ್/ವಿಎಂ ದಾರಿ) ಟರ್ಮಿನಲ್ ಹಾಕ್ಕೋತಾರೆ, ಲಿನಕ್ಸ್ ಒಳಗೆ ಅದೇ ಎಚ್‌ವಿಸಿ0. ಕರ್ನಲ್ ಪ್ಯಾರಾಮೀಟರ್‌ನಲ್ಲಿ ಎಚ್‌ವಿಸಿ-ಐಯುಸಿವಿ ಅಂತ 1ರಿಂದ 8ರವರೆಗೆ ಸಂಖ್ಯೆ ಕೊಟ್ಟರೆ ಅಷ್ಟು ಟರ್ಮಿನಲ್ ಹುಟ್ಟುತ್ತೆ. ಇನ್ನೊಂದು ಲಿನಕ್ಸ್ ಗೆಸ್ಟ್‌ನಿಂದ ಐಯುಸಿವಿಕನ್ ಕೊಟ್ಟು ಸೇರ್ಕೋಬಹುದು, ನೆಟ್‌ವರ್ಕ್ ಬೇಡ. ವಿಐ ಓಡುತ್ತೆ, ಬಣ್ಣ ಬರುತ್ತೆ, ಕಂಟ್ರೋಲ್-ಸಿ ಕೆಲಸ ಮಾಡುತ್ತೆ. ನಿಜಕ್ಕೂ ಒಳ್ಳೆಯ ಸೌಲಭ್ಯ. ಡಿಆರ್‌ನಲ್ಲಿ ನಿಮ್ಮ ಮೂರು ಗಂಟೆ ಉಳಿಸ್ತಿದ್ದದ್ದು ಇದೇ.

ಆದರೆ ಅದರ ದಾರಿಯಲ್ಲಿ ಸಿಪಿ ಲಾಗಾನ್ ಇಲ್ಲ. ಯಾರ ಪಾಸ್‌ವರ್ಡನ್ನೂ ಸಿಪಿ ಕೇಳಲ್ಲ. ಗೆಸ್ಟ್‌ನ ಡೈರೆಕ್ಟರಿಯಲ್ಲಿ ಐಯುಸಿವಿ ಅಲೋ ಅಂತ ಇದ್ರೆ, ಆ ಜೆಡ್/ವಿಎಂ ಮೇಲಿರೋ ಬೇರೆ ಯಾವ ವರ್ಚುವಲ್ ಯಂತ್ರವೂ ಬಾಗಿಲು ತಟ್ಟಬಹುದು. ಅಲ್ಲಿ ಉಳಿದಿರೋ ಒಂದೇ ಕಾವಲು ಲಿನಕ್ಸ್‌ನ ಲಾಗಿನ್ ಪ್ರಾಂಪ್ಟ್. ಅದಕ್ಕೂ ಆಟೋ ಲಾಗಿನ್ ಹಾಕಿದ್ರೆ, ಡೆವಲಪ್‌ಮೆಂಟ್ ಗೆಸ್ಟ್‌ನಲ್ಲಿ ರೂಟ್ ಆದವನು ಒಂದೇ ಕಮಾಂಡ್‌ನಲ್ಲಿ ಪ್ರೊಡಕ್ಷನ್‌ನಲ್ಲೂ ರೂಟ್.

ಎಚ್‌ವಿಸಿ ಬೇಕೇ ಬೇಕು ಅನ್ನೋರು ಎಚ್‌ವಿಸಿ-ಐಯುಸಿವಿ-ಅಲೋ ಪ್ಯಾರಾಮೀಟರ್‌ನಲ್ಲಿ ಯಾವ ಗೆಸ್ಟ್‌ಗಳಿಂದ ಮಾತ್ರ ಸಂಪರ್ಕ ಬರಬಹುದು ಅಂತ ಪಟ್ಟಿ ಕೊಡಿ. ಓಡ್ತಿರೋ ಸಿಸ್ಟಮ್‌ನಲ್ಲಿ ಬದಲಿಸೋಕೆ ಎಸ್390-ಟೂಲ್ಸ್‌ನಲ್ಲಿ ಸಿಎಚ್‌ಐಯುಸಿವಿಅಲೋ ಅನ್ನೋ ಉಪಕರಣ ಇದೆ. ಪಟ್ಟಿ ಕೊಟ್ಟ ಮೇಲೂ ಪಾಸ್‌ವರ್ಡ್ ಉಳಿಸ್ಕೊಳ್ಳಿ. @ ಮತ್ತು #ನ ತೊಂದರೆ ಆ ದಾರಿಯಲ್ಲಿ ಹೇಗೂ ಇಲ್ಲ, ಹಾಗಾಗಿ ಆಟೋ ಲಾಗಿನ್‌ಗೆ ಕಾರಣವೂ ಇಲ್ಲ.

ಸಿಸ್ಟಮ್‌ಡಿಯ ಗೆಟ್ಟಿ ಜನರೇಟರ್ ಎಚ್‌ವಿಸಿ0 ಕಂಡ ಕೂಡಲೇ ತಾನಾಗೇ ಅಲ್ಲಿ ಒಂದು ಗೆಟ್ಟಿ ಕೂರಿಸುತ್ತೆ. ಆದ್ದರಿಂದ ಡ್ರಾಪ್-ಇನ್ ಹಾಕುವಾಗ ಅದು ಕೂರೋ ಲಿನಕ್ಸ್ ಫೋಲ್ಡರ್‌ನ ಹೆಸರಲ್ಲಿ ಟಿಟಿವೈಎಸ್0 ಅಂತ ಸ್ಪಷ್ಟವಾಗಿರಲಿ. ಸೀರಿಯಲ್-ಗೆಟ್ಟಿಯ ಸಾಮಾನ್ಯ ಟೆಂಪ್ಲೇಟ್‌ಗೇ ಹಾಕಿಬಿಟ್ಟರೆ ಎಚ್‌ವಿಸಿ0 ಕೂಡ ಬೀಗವಿಲ್ಲದ ಬಾಗಿಲಾಗುತ್ತೆ, ನಿಮಗೆ ಗೊತ್ತೂ ಆಗಲ್ಲ.

ಹೊಸಚಿಗುರು · ಸೋಮವಾರ, ಮಧ್ಯಾಹ್ನ 12:20

ನಮ್ಮಲ್ಲಿ ಎರಡು ಲಿನಕ್ಸ್ ನೇರವಾಗಿ ಎಲ್‌ಪಾರ್‌ನಲ್ಲಿವೆ (ಮೇನ್‌ಫ್ರೇಮ್ ಹಾರ್ಡ್‌ವೇರನ್ನೇ ಹಂಚಿದ ಒಂದು ಭಾಗ), ಜೆಡ್/ವಿಎಂ ಇಲ್ಲ. ಇನ್ನೂ ಕೆಲವು ಕೆವಿಎಂ (ಲಿನಕ್ಸ್‌ನದ್ದೇ ವರ್ಚುವಲ್ ಯಂತ್ರ ವ್ಯವಸ್ಥೆ) ಮೇಲೆ. ಅಲ್ಲೂ ಇದೇ ಲೆಕ್ಕ ನಡೆಯುತ್ತಾ?

ಹಳೇಬೇರು · ಸೋಮವಾರ, ಮಧ್ಯಾಹ್ನ 1:00

ಎಲ್‌ಪಾರ್‌ನಲ್ಲಿ ಬೇಡಪ್ಪ. ಅಲ್ಲಿ ಕನ್ಸೋಲ್ ಅಂದ್ರೆ ಎಚ್‌ಎಂಸಿಯ (ಮೇನ್‌ಫ್ರೇಮ್ ಹಾರ್ಡ್‌ವೇರ್ ನಿಯಂತ್ರಿಸೋ ಕಂಪ್ಯೂಟರ್) ಆಪರೇಟಿಂಗ್ ಸಿಸ್ಟಮ್ ಮೆಸೇಜಸ್ ಕಿಟಕಿ, ಇಲ್ಲಾ ಆಸ್ಕಿ ಕನ್ಸೋಲ್. ಎಚ್‌ಎಂಸಿಗೆ ಹಾರ್ಡ್‌ವೇರ್ ನೋಡೋರು, ಆಪರೇಟರ್‌ಗಳು, ಹಲವರು ಬರ್ತಾರೆ. ಅವರಿಗೆ ಯಂತ್ರ ನಿಲ್ಲಿಸೋ ಅಧಿಕಾರ ಇರಬಹುದು, ಒಳಗಿನ ಡೇಟಾ ನೋಡೋ ಅಧಿಕಾರ ಇರಬಾರದು. ಕೆವಿಎಂನಲ್ಲಿ ವಿರ್ಷ್ ಕನ್ಸೋಲ್ ಕೊಡಬಲ್ಲವನು ಹೋಸ್ಟ್‌ನ ಯಜಮಾನನೇ, ಅವನ ಕೈಯಲ್ಲಿ ಡಿಸ್ಕ್ ಇಮೇಜ್ ಹೇಗೂ ಇದೆ. ಅಲ್ಲಿ ವಾದ ಹತ್ತಿರ ಹತ್ತಿರ ಇದೇ.

ಲೆಕ್ಕದಕ್ಕ · ಸೋಮವಾರ, ಸಂಜೆ 6:10

ಲಾಗಾನ್‌ಬೈ ಮಾತು ನನಗೆ ಹಿಡಿಸಿತು, ಒಂದು ಕೊಂಡಿ ಮಾತ್ರ ತಪ್ಪಿದೆ. ಜೆಡ್/ವಿಎಂ ಕಡೆ ಹೆಸರು ಸಿಗುತ್ತೆ, ಲಿನಕ್ಸ್ ಕಡೆ ಕೆಲಸ ಸಿಗುತ್ತೆ, ಎರಡನ್ನೂ ಗಂಟೆ-ನಿಮಿಷ ಹೊಂದಿಸಿ ಜೋಡಿಸೋದು ನಾನು. ಎರಡರ ಗಡಿಯಾರ ಬೇರೆ ಬೇರೆ ಸಮಯ ವಲಯದಲ್ಲಿದ್ದ ಒಂದು ಕಡೆ ನಾನು ಮೂರು ದಿನ ಕೂತಿದ್ದೀನಿ. ಲಿನಕ್ಸ್ ಲಾಗ್‌ನಲ್ಲೇ ಆ ಹೆಸರು ಬರೋ ಹಾಗೆ ಮಾಡೋಕಾಗುತ್ತಾ?

ಹಳೇಬೇರು · ಸೋಮವಾರ, ರಾತ್ರಿ 8:40

ಆಗುತ್ತೆ ಅಕ್ಕ, ಒಳ್ಳೆ ಪ್ರಶ್ನೆ. ಸಿಪಿಯಲ್ಲಿ ಕ್ವೆರಿ ಬೈಯೂಸರ್ ಅಂತ ಒಂದು ಕಮಾಂಡ್ ಇದೆ, ಈ ಗೆಸ್ಟ್‌ಗೆ ಬೈ ಮೂಲಕ ಬಂದಿರೋದು ಯಾರು ಅಂತ ಹೇಳುತ್ತೆ. ಲಿನಕ್ಸ್ ಒಳಗಿಂದ ಸಿಪಿ ಕಮಾಂಡ್ ಕೊಡೋಕೆ ವಿಎಂಸಿಪಿ ಇದೆಯಲ್ಲ. ಎರಡನ್ನೂ ಸೇರಿಸಿ, ಬಂದ ಉತ್ತರವನ್ನ ಲಾಗರ್ ಮೂಲಕ ಸಿಸ್‌ಲಾಗ್‌ಗೆ ತಳ್ಳಿ. ಅಲ್ಲಿಂದ ನಿಮ್ಮ ಕೇಂದ್ರ ಲಾಗ್ ಸರ್ವರ್‌ಗೆ ಹೋಗುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದನ್ನ ರೂಟ್‌ನ ಪ್ರೊಫೈಲ್‌ನಲ್ಲಿ ಹಾಕಿದ್ರೆ ಉಪಯೋಗ ಇಲ್ಲ. ಆಟೋ ಲಾಗಿನ್‌ನ ಶೆಲ್ ಹುಟ್ಟೋದು ಗೆಸ್ಟ್ ಬೂಟ್ ಆದಾಗ, ಆಗ ಕನ್ಸೋಲ್ ಎದುರು ಯಾರೂ ಕೂತಿರಲ್ಲ. ಪ್ರೊಫೈಲ್ ಒಂದೇ ಸಲ, ಖಾಲಿ ಕೋಣೆಯಲ್ಲಿ ಓಡಿ ಮುಗಿಯುತ್ತೆ. ಇದೇ ಕಾರಣಕ್ಕೆ ಲಾಸ್ಟ್ ಕಮಾಂಡ್ ಕೊಟ್ಟರೂ ಬೂಟ್ ಆದ ಗಳಿಗೆಯೇ ರೂಟ್ ಬಂದ ಸಮಯ ಅಂತ ತೋರಿಸುತ್ತೆ. ಹಾಗಾಗಿ ಬ್ಯಾಶ್‌ನ ಪ್ರಾಂಪ್ಟ್-ಕಮಾಂಡ್‌ನಲ್ಲಿ ಹಾಕಿ, ಪ್ರತಿ ಸಲ ಪ್ರಾಂಪ್ಟ್ ಮೂಡೋ ಮುಂಚೆ ಓಡುತ್ತೆ. ಟಿಟಿವೈಎಸ್0ನಲ್ಲಿದ್ದಾಗ ಮಾತ್ರ ಅಂತ ಷರತ್ತು ಇಡಿ, ಇಲ್ಲಾಂದ್ರೆ ಎಸ್‌ಎಸ್‌ಎಚ್ ಸೆಷನ್‌ಗಳಲ್ಲೂ ಓಡಿ ಲಾಗ್ ತುಂಬಿಸುತ್ತೆ.

ಟಿಎಂಔಟ್ ಹಾಕಿ ಸಮಾಧಾನ ಪಟ್ಟುಕೊಳ್ಳೋರಿಗೂ ಒಂದು ಮಾತು. ಹತ್ತು ನಿಮಿಷ ಸುಮ್ಮನಿದ್ರೆ ಶೆಲ್ ಸಾಯುತ್ತೆ ಸರಿ, ಗೆಟ್ಟಿ ತಕ್ಷಣ ಎದ್ದು ಮತ್ತೆ ರೂಟ್ ಶೆಲ್ಲನ್ನೇ ಕೊಡುತ್ತೆ. ರಕ್ಷಣೆ ಏನೂ ಹೆಚ್ಚಲ್ಲ.

ರೊಟ್ಟಿಬುತ್ತಿ · ಸೋಮವಾರ, ರಾತ್ರಿ 9:15

ಒಂದ್ ಮಾತ್ರಿ ಸರ್. ವಿಎಂಸಿಪಿ ಬಂತಂದ್ರ ಗೆಸ್ಟ್‌ನ ಕ್ಲಾಸ್ ನೋಡ್ರಿ. ಲಿನಕ್ಸ್ ಗೆಸ್ಟ್‌ಗೆ ಜಿ (ಮಾಮೂಲಿ ಬಳಕೆದಾರನ ದರ್ಜೆ) ಸಾಕು. ಯಾವಾಗೋ ಟೆಸ್ಟಿಂಗ್‌ಗೆ ಅಂತ ಬಿ, ಸಿ ಕೊಟ್ಟು ತೆಗಿಯೂದು ಮರೆತಿರ್ತಾರ. ಅಂಥಾದ್ರಾಗ ಆಟೋ ಲಾಗಿನ್ ಹಾಕಿದ್ರ ಒಂದು ಗೆಸ್ಟ್‌ನ ರೂಟ್ ಇಡೀ ಜೆಡ್/ವಿಎಂಗೆ ಒಡೆಯ ಆದಂಗ.

ಖರೇ ಹೇಳ್ಬೇಕಂದ್ರ ಆ ರಾತ್ರಿ ಆದಮ್ಯಾಲೆ ನಾ ಆಟೋ ಲಾಗಿನ್ ಕಡೆ ಹೋಗಿಲ್ರಿ. ನಾವು ಈಗ ಸಿಸ್ಟಮ್‌ಡಿ ಸುಲಾಗಿನ್ ಫೋರ್ಸ್ ಅನ್ನೂ ಸೆಟಿಂಗ್ ಅಷ್ಟ ಹಾಕಿಟ್ಟೀವಿ. ರೆಸ್ಕ್ಯೂ ಟಾರ್ಗೆಟ್‌ಗೆ (ದುರಸ್ತಿಗೆ ಅಂತ ಇರೂ ಬೂಟ್ ಸ್ಥಿತಿ) ಐಪಿಎಲ್ ಮಾಡಿದ್ರ, ರೂಟ್ ಪಾಸ್‌ವರ್ಡ್ ಲಾಕ್ ಮಾಡಿಟ್ಟಲ್ಲಿ ಪಾಸ್‌ವರ್ಡ್ ಕೇಳದ ಶೆಲ್ ಕೊಡ್ತೈತಿ. ಬೇಕಾದಾಗ ಅಷ್ಟ ಬಾಗಿಲ ತೆರಿತೈತಿ, ಉಳಿದ ದಿನ ಬಂದ್.

ಹಳೇಬೇರು · ಸೋಮವಾರ, ರಾತ್ರಿ 9:40

ಅದೂ ಸರಿಯಾದ ದಾರಿಯೇ. ನನಗೆ ಅದರಲ್ಲಿ ಹಿಡಿಸದಿದ್ದು ಒಂದೇ, ಒಳಗೆ ಹೋಗೋಕೆ ಮತ್ತೆ ಐಪಿಎಲ್ ಮಾಡಬೇಕು. ಡೇಟಾಬೇಸ್ ಓಡ್ತಿದೆ, ನೆಟ್‌ವರ್ಕ್ ಮಾತ್ರ ಬಿದ್ದಿದೆ ಅಂತಿಟ್ಟುಕೊಳ್ಳಿ. ಡೀಫಾಲ್ಟ್ ಗೇಟ್‌ವೇ ಒಂದು ಸೇರಿಸಿದ್ರೆ ಮುಗಿಯೋ ಕೆಲಸಕ್ಕೆ ಅದನ್ನ ಬೀಳಿಸೋಕೆ ನನಗೆ ಮನಸ್ಸು ಬರಲ್ಲ. ನಿಮ್ಮ ಅನುಭವ ನೋಡಿದ್ರೆ ನೀವು ಹೇಳೋದೂ ನ್ಯಾಯವೇ. ಇದರಲ್ಲಿ ನಾವಿಬ್ಬರೂ ಒಪ್ಪೋದು ಬೇಡ, ಓದೋರು ತಮ್ಮ ಸರ್ವರ್ ನೋಡಿ ತೀರ್ಮಾನ ಮಾಡಲಿ.

ರಾತ್ರಿಪಾಳಿ · ಗುರುವಾರ, ಬೆಳಗ್ಗೆ 6:50

ಪಾಳಿ ಮುಗಿಸಿ ಬರೀತಿದ್ದೀನಿ. 40 ನಮೂದನ್ನೂ ನೋಡಿದೆ. 31ರಲ್ಲಿ ಸೆಕೆಂಡರಿ ಯೂಸರ್ ಆಪರೇಟರ್. 40ಕ್ಕೆ 40ರಲ್ಲೂ ಐಯುಸಿವಿ ಅಲೋ, ಟೆಂಪ್ಲೇಟ್‌ನಿಂದ ಬಂದಿದ್ದು. ಮೂರು ಗೆಸ್ಟ್‌ಗೆ ಜಿ ಜೊತೆ ಬಿ ಕ್ಲಾಸ್. ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತೀನಿ: ಎಲ್ಲಾ ಗೆಸ್ಟ್‌ಗೂ ಒಂದೇ ಪಾಸ್‌ವರ್ಡ್, ತಂಡದ ಎಲ್ಲರಿಗೂ ಗೊತ್ತು, ತಂಡ ಬಿಟ್ಟು ಹೋದವರಿಗೂ ಗೊತ್ತು. ಭಾನುವಾರವೇ ಆಟೋ ಲಾಗಿನ್ ಹಾಕಿದ್ದಿದ್ರೆ ಏನಾಗ್ತಿತ್ತು ಅಂತ ಯೋಚಿಸಿದ್ರೆ ನಿದ್ದೆ ಬರಲ್ಲ. ಇಲ್ಲಿ ಕೇಳಿದ್ದು ಒಳ್ಳೆಯದಾಯ್ತು.

ಎರಡು ಟೆಸ್ಟ್ ಗೆಸ್ಟ್ ತಗೊಂಡು, ಎಲ್‌ಬಿವೈಓನ್ಲಿ ಮಾಡಿ, ಲಾಗಾನ್‌ಬೈನಲ್ಲಿ ನಮ್ಮ ಆರು ಜನರ ಐಡಿ ಹಾಕಿದೆ. ಸೆಕೆಂಡರಿ ಯೂಸರ್ ತೆಗೆದು ಆಪರೇಟರನ್ನ ಅಬ್ಸರ್ವರ್ ಮಾಡಿದೆ. ಪ್ರೊಫೈಲ್ ಎಕ್ಸೆಕ್‌ನಲ್ಲಿ ಚಾರ್‌ಡೆಲ್, ಲೈನ್‌ಡೆಲ್, ಎಸ್ಕೇಪ್ ಆಫ್. ಎಚ್‌ವಿಸಿ ಹಾಕಲಿಲ್ಲ. ಟಿಟಿವೈಎಸ್0ಗೆ ಮಾತ್ರ ಡ್ರಾಪ್-ಇನ್. ಮೊದಲ ಸಲ ಖಾಲಿ ಎಕ್ಸೆಕ್‌ಸ್ಟಾರ್ಟ್ ಸಾಲು ಮರೆತು ನೆಕ್ಕರ್‌ತೀರ ಅವರು ಹೇಳಿದ ಹಾಗೇ ಆಯ್ತು.

ನಿನ್ನೆ ರಾತ್ರಿ ನೆಟ್‌ವರ್ಕ್ ಬೇಕಂತಲೇ ಬೀಳಿಸಿ ನೋಡಿದೆ. ನನ್ನ ಹೆಸರಲ್ಲಿ ಲಾಗಾನ್ ಬೈ, ಎಂಟರ್, ಎದುರಿಗೆ ರೂಟ್ ಪ್ರಾಂಪ್ಟ್. ಐಪಿ ಸ್ಕ್ರಿಪ್ಟ್ ಓಡಿಸಿದೆ, ಎಸ್‌ಎಸ್‌ಎಚ್ ಬಂತು. ನಾಲ್ಕು ನಿಮಿಷ. ಸಿಸ್‌ಲಾಗ್ ತೆಗೆದು ನೋಡಿದ್ರೆ ಬೈಯೂಸರ್ ಜಾಗದಲ್ಲಿ ನನ್ನ ಐಡಿ ಕೂತಿತ್ತು. ಅದರ ಸ್ಕ್ರೀನ್‌ಶಾಟ್ ಸೆಕ್ಯುರಿಟಿಯವರಿಗೆ ಕಳಿಸಿದೆ, ಟೆಸ್ಟ್ ಗೆಸ್ಟ್‌ಗಳಿಗೆ ಒಪ್ಪಿಗೆ ಕೊಟ್ರು.

ಪ್ರೊಡಕ್ಷನ್‌ಗೆ ಆಟೋ ಲಾಗಿನ್ ಈಗ ಕೇಳ್ತಿಲ್ಲ. ಉಳಿದ 38 ಗೆಸ್ಟ್‌ಗಳ ಪಾಸ್‌ವರ್ಡ್ ತೆಗೆದು ಲಾಗಾನ್‌ಬೈಗೆ ತರೋ ಚೇಂಜ್ ಟಿಕೆಟ್ ಮೊದಲು ಹಾಕಿದ್ದೀನಿ, ಐಯುಸಿವಿ ಅಲೋ ತೆಗೆಯೋದೂ ಅದರಲ್ಲೇ ಇದೆ. ಐಯುಸಿವಿ ತೆಗೆದರೆ ಯಾವುದಾದರೂ ಮಾನಿಟರಿಂಗ್ ನಿಲ್ಲುತ್ತಾ ಅಂತ ನೋಡಬೇಕು, ಅನುಭವ ಇದ್ದವರು ತಿಳಿಸಿ.